ಹಾಸಿದವರ ತಪ್ಪು

ನಾಲ್ಕು ಗಂಟೆಗೆ ಬರುತ್ತೇನೆ ಎಂದ ಹೆಂಗಸು ಮೂರೂವರೆಗೇ ಬಂದುಬಿಟ್ಟರೆ ಏನು ಗತಿ ಎಂದು ಮಾಸ್ಟರು ಊಟದ ಕೈ ಒರೆಸಿಕೊಂಡದ್ದೇ ತಡ ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅಲ್ಲಿ ಬೆಳಿಗ್ಗೆ ಬಂದ ಎರಡು ಮೂಟೆ ಹಳೆಬಟ್ಟೆ ಕೂತಿದ್ದವು, ಒಂದರ ಬಾಯಿಂದ ಯಾವುದೋ ಮಗುವಿನ ಫ್ರಾಕಿನ ತೋಳು ಆಚೆ ಬಿದ್ದಿತ್ತು. ನಾಲ್ಕು ವರ್ಷದಿಂದ ಈ ಮನೆಯ ಪಾಡೇ ಇದು. ಜನರ ಕಪಾಟಿನಲ್ಲಿ ಜಾಗ ಸಾಲದೆ ಹೋದದ್ದು, ಎಸೆಯೋಣವೆಂದರೆ ಮನಸ್ಸು ಬಾರದ್ದು, ಸತ್ತವರ ಅಂಗಿ, ಬೆಳೆದ ಮಕ್ಕಳ ಯೂನಿಫಾರ್ಮು, ಬಿಸಿಲಿಗೆ ಮಾಸಿದ ಪರದೆ, ಎಲ್ಲ ಇಲ್ಲಿಗೆ ಬಂದು ಬೀಳುತ್ತದೆ. ದಿಂಬಾಗಿ, ಚೀಲವಾಗಿ, ಗೊಂಬೆಯಾಗಿ, ಹೊದಿಕೆಯಾಗಿ, ರಿಬ್ಬನ್ನು ಕಟ್ಟಿಸಿಕೊಂಡು ಉಡುಗೊರೆ ಅನ್ನಿಸಿಕೊಂಡು ಹೊರಟುಹೋಗುತ್ತದೆ. ಕಸುಬು ಮಗಳದು. ಕತ್ತರಿ ಮಾತ್ರ ಅಪ್ಪನದು. ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಇಪ್ಪತ್ತೇಳು ವರ್ಷ ಕಟಿಂಗ್ ಮಾಸ್ಟರಾಗಿದ್ದಾಗ ಅಂಟಿಕೊಂಡ ಹೆಸರು ಅದು, ಈಗ ಹಾಲಿನವನೂ ಅವರನ್ನು ಮಾಸ್ಟರೇ ಎಂದೇ ಕರೆಯುತ್ತಾನೆ.

“ಎಲ್ಲಿಗೆ ಸವಾರಿ?” ಎಂದಳು ಮಗಳು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

“ದಾರ ತರ್ತೀನಿ. ಬಿಳೀದು ಮುಗಿದಿದೆ.”

“ಬಿಳಿ ದಾರ ಡಬ್ಬಿ ತುಂಬ ಇದೆ. ಅಪ್ಪ, ಎಲ್ಲೂ ಹೋಗ್ಬೇಡ ನೀನು. ನಾಲ್ಕಕ್ಕೆ ಆ ಸ್ಕೂಲ್ ವ್ಯಾನ್ ಓಡಿಸೋರು ಬರ್ತಾರೆ, ಹೊದಿಕೆ ತಗೊಂಡು ಹೋಗೋಕೆ. ನಿನ್ನ ನೋಡ್ಬೇಕಂತೆ.”

“ನನ್ನ ಯಾಕೆ? ಹೊಲಿದವಳು ನೀನು.”

“ನಾನೂ ಅದನ್ನೇ ಅಂದೆ. ಹೊಲಿದವರಲ್ಲ, ಕತ್ತರಿಸಿದವರನ್ನ ನೋಡ್ಬೇಕು ಅಂದ್ರು. ಎರಡೆರಡು ಸಲ ಅಂದ್ರು.” ಮಗಳು ಈಗ ತಲೆ ಎತ್ತಿ ನಕ್ಕಳು. “ಹೆಂಗಸರಿಗೆಲ್ಲ ನಿನ್ನ ಮೇಲೇ ಕಣ್ಣು ಬಿಡು.”

ಮಾಸ್ಟರಿಗೆ ನಗು ಬರಲಿಲ್ಲ. ಹೋಗಿ ಕತ್ತರಿಸುವ ಮೇಜಿನ ಮುಂದೆ ನಿಂತರು. ಮೇಜೆಂದರೆ ಊಟದ ಮೇಜೇ, ಮೇಲೆ ಒಂದು ಹಲಗೆ ಹಾಕಿಕೊಂಡದ್ದು. ಅದರ ಮೇಲೆ ಹೊದಿಕೆ ನಾಲ್ಕು ಮಡಿಕೆಯಾಗಿ ಸಿದ್ಧವಾಗಿತ್ತು, ಮೇಲ್ಗಡೆ ಬರುವಂತೆ ಮಗಳು ಅದರ ನಡುಭಾಗವನ್ನೇ ಮಡಚಿಟ್ಟಿದ್ದಳು, ಯಾಕೆಂದರೆ ನಡುಭಾಗವೇ ಚೆಂದ: ಕುಂಕುಮಕ್ಕಿಂತ ಒಂದು ಛಾಯೆ ಕಪ್ಪಾದ ವೆಲ್ವೆಟ್ಟಿನ ಎರಡು ಚೌಕ, ಪಕ್ಕಪಕ್ಕದಲ್ಲಿ, ಒಂದೇ ಬಣ್ಣ, ಒಂದೇ ಹೊಳಪು. ನೋಡಿದವರಿಗೆ ಒಂದೇ ತುಂಡು ಅನ್ನಿಸಬೇಕು ಹಾಗೆ. ಮಾಸ್ಟರು ಬೆರಳಿಟ್ಟು ಸವರಿದರು. ಎರಡೂ ಕಡೆ ರೋಮ ಒಂದೇ ದಿಕ್ಕಿಗೆ ಮಲಗಿತು. ಅದನ್ನು ಹಾಗೆ ಮಲಗಿಸಿದವರು ಅವರೇ. ಹತ್ತು ದಿನದ ಹಿಂದೆ ಅದು ಹಾಗಿರಲಿಲ್ಲ.

ಹತ್ತು ದಿನದ ಹಿಂದೆ ವ್ಯಾನಿನವರ ಚೀಲ ಬಂದಾಗ ಮಾಸ್ಟರು ಎಂದಿನಂತೆ ಕೈ ಹಾಕಿ ಒಂದೊಂದೇ ತೆಗೆದು ಬಣ್ಣದ ಪ್ರಕಾರ ಗುಡ್ಡೆ ಹಾಕುತ್ತಿದ್ದರು. ಎರಡು ಶರಟು, ಹತ್ತಿಯ ಪರದೆ, ಹುಡುಗರ ಪೈಜಾಮ, ಗಂಡಸಿನದೊಂದು ಉಣ್ಣೆಯ ಮಫ್ಲರು. ತಳದಲ್ಲಿ ಪೇಪರಿನಲ್ಲಿ ಸುತ್ತಿದ್ದದ್ದು ಬಂತು. ಬಿಚ್ಚಿದರೆ ವೆಲ್ವೆಟ್ ಕೋಟು, ಒಳಗೆ ಅಸ್ತರಿಲ್ಲ, ಗುಂಡಿಯಿಲ್ಲ, ಅರ್ಧಕ್ಕೇ ನಿಂತುಹೋದದ್ದು. ಎಡ ಮುಂಭಾಗ ಗಾಢ, ಬಲ ಮುಂಭಾಗ ಮಾಸಲು ಹೊಳಪು. ಒಂದೇ ಕೋಟು, ಎರಡು ಬಣ್ಣ. ಮಾಸ್ಟರಿಗೆ ಗುರುತು ಹತ್ತಿದ್ದು ಆಗಲೇ. ಆದರೂ ಖಾತ್ರಿಯಾಗಲಿ ಎಂದು ಒಳಗಿನ ಅಂಚು ಮಗುಚಿ ನೋಡಿದರು, ಮಗುಚದೇ ಇದ್ದಿದ್ದರೆ ಇವತ್ತಿಗೂ ಬೇರೆ ಯಾರದೋ ಕೋಟು ಎಂದು ಸುಮ್ಮನಿರಬಹುದಿತ್ತು. ಬಾಲ್ ಪೆನ್ನಿನಲ್ಲಿ ಬರೆದ ಸಂಖ್ಯೆ. ಏಳರ ಹೊಟ್ಟೆಗೆ ಅಡ್ಡಗೆರೆ. ಆ ಫ್ಯಾಕ್ಟರಿಯಲ್ಲಿ ಏಳಕ್ಕೆ ಅಡ್ಡಗೆರೆ ಹಾಕುತ್ತಿದ್ದವರು ಒಬ್ಬರೇ, ಈ ಮಾಸ್ಟರೇ.

“ಅಯ್ಯೋ, ಇದೇನಪ್ಪಾ ಎರಡು ಬಣ್ಣ?” ಎಂದು ಮಗಳು ಹಿಂದಿನಿಂದ ಬಗ್ಗಿ ನೋಡಿದ್ದಳು.

“ಬಣ್ಣ ಒಂದೇ. ರೋಮ ಉಲ್ಟಾ ಕೂತಿದೆ. ಒಂದು ಮೇಲ್ಮುಖ, ಒಂದು ಕೆಳಮುಖ.”

“ಹಾಗ್ಯಾಕಾಯ್ತು?”

“ಹಾಸಿದವರ ತಪ್ಪು,” ಎಂದರು ಮಾಸ್ಟರು.

ಎಷ್ಟು ಸಲೀಸಾಗಿ ಬಂತು. ಇಪ್ಪತ್ತೆರಡು ವರ್ಷ ಬಾಯಲ್ಲೇ ಇಟ್ಟುಕೊಂಡು ಚಪ್ಪರಿಸುತ್ತಿದ್ದ ಹಾಗೆ ಬಂತು. ಅವತ್ತು ಮ್ಯಾನೇಜರ ಕೋಣೆಯಲ್ಲೂ ಇದೇ ಎರಡು ಪದ, ಇದೇ ಧಾಟಿ. ಕನ್ನಡಕದ ಮೇಲಿಂದ ನೋಡುತ್ತ ಮ್ಯಾನೇಜರು, ಹೇಗಾಯ್ತು ಮಾಸ್ಟರೇ ಇದು, ಎಂದಿದ್ದರು. ಕೋಟುಗಳ ಲಾಟಿಗೆ ಲಾಟೇ ಕೆಟ್ಟು ತಪಾಸಣೆಯ ದೀಪದಡಿ ರಾಶಿ ಬಿದ್ದಿತ್ತು. ಕತ್ತರಿಸುವ ಮೊದಲು ಮೇಜಿನ ಮೇಲೆ ಪದರ ಪದರವಾಗಿ ವೆಲ್ವೆಟ್ ಹಾಸುವಾಗ ಒಂದು ನೇಮ ಇದೆ, ಗೊತ್ತಿಲ್ಲದವರು ಯಾರೂ ಇಲ್ಲ: ಬಟ್ಟೆಯ ಸುರುಳಿ, ಥಾನು, ಬಿಚ್ಚುತ್ತ ಮೇಜಿನ ಈ ತುದಿಯಿಂದ ಆ ತುದಿ ಮುಟ್ಟಿದ ಮೇಲೆ ಬಟ್ಟೆ ಕತ್ತರಿಸಬೇಕು, ಥಾನು ತಿರುಗಿಸಿಕೊಳ್ಳಬೇಕು, ಆಮೇಲೇ ಮುಂದಿನ ಪದರ. ಕೆಳಗಿನ ಪದರದಿಂದ ಕೋಟಿನ ಎಡಭಾಗ, ಮೇಲಿನದರಿಂದ ಬಲಭಾಗ. ಕತ್ತರಿಸದೆ ಸುಮ್ಮನೆ ಮಡಚಿಕೊಂಡು ಬಂದರೆ ಬೇಗ ಆಗುತ್ತದೆ, ಆದರೆ ರೋಮ ಒಂದಕ್ಕೆ ಆಚೆ, ಒಂದಕ್ಕೆ ಈಚೆ. ಹಾಸಿದ ದಿನ ಸಂಜೆಯೊಳಗೆ ಲಾಟು ಹೊಲಿಗೆಗೆ ಇಳಿಯಬೇಕಿತ್ತು. ಸೂಪರ್‌ವೈಸರು ಎರಡು ಸಲ ಬಂದು ಗಡಿಯಾರ ತೋರಿಸಿ ಹೋಗಿದ್ದ. ಮಾಸ್ಟರು ಹಾಸುವವರ ಬಳಿ ಹೋಗಿ, ಕತ್ತರಿಸ್ತಾ ಕೂರ್ಬೇಡಿ, ಮಡಚಿಕೊಂಡು ಬನ್ನಿ, ಎಂದಿದ್ದರು. ಹಾಸುವವರು ಇಬ್ಬರು. ಆ ತುದಿಗೆ ಒಬ್ಬಳು ಕುಳ್ಳಿ, ಮಾತು ಕಡಿಮೆ. ಈ ತುದಿಗೆ ಸಿಳ್ಳೆ.

ಸಿಳ್ಳೆ ಅಂದರೆ ಅವಳ ಹೆಸರಲ್ಲ, ಅವಳ ಅಭ್ಯಾಸ. ಬಟ್ಟೆ ತುದಿ ಮುಟ್ಟಿದಾಗ ಆ ಕಡೆಯವಳಿಗೆ ಕತ್ತರಿಸು ಎಂದು ಹೇಳಲು ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಹೋಗುತ್ತಿತ್ತಲ್ಲ, ಇವಳು ಎರಡು ಚಿಕ್ಕ ಸಿಳ್ಳೆ ಹೊಡೆಯುತ್ತಿದ್ದಳು. ಹೆಣ್ಣುಮಗಳು ಸಿಳ್ಳೆ ಹೊಡೆಯುವುದೇ ಎಂದು ಗಂಡಸರು ಗೊಣಗಿ, ಆಮೇಲೆ ತಾವೂ ಅದನ್ನೇ ಕಾಯತೊಡಗಿದ್ದರು. ಅವತ್ತು ಮಡಚಿಕೊಂಡು ಬನ್ನಿ ಎಂದಾಗ ಸಿಳ್ಳೆ ಅವರ ಮುಖ ನೋಡಿದ್ದಳು. “ವೆಲ್ವೆಟ್ ಅಲ್ವಾ ಮಾಸ್ಟರೇ?” ಎಂದಿದ್ದಳು. “ನನಗೇ ಹೇಳಿಕೊಡ್ತೀಯಾ?” ಎಂದಿದ್ದರು ಇವರು. ಅಷ್ಟೇ ಆಡಿದ್ದು. ಆ ಮಧ್ಯಾಹ್ನವೆಲ್ಲ ಮೇಜಿನ ಮೇಲೆ ಪದರದ ಮೇಲೆ ಪದರ ಏರಿತು, ಒಂದು ಸಿಳ್ಳೆಯೂ ಕೇಳಲಿಲ್ಲ. ಆ ಮೌನ ಮಾಸ್ಟರಿಗೆ ಆಗ ಕೇಳಿಸಿರಲಿಲ್ಲ, ಈಗ ಹತ್ತು ದಿನದಿಂದ ಕೇಳಿಸುತ್ತಿದೆ.

ಗೋಡೆ ಗಡಿಯಾರ ಮೂರು ಇಪ್ಪತ್ತು ತೋರಿಸಿತು. ಆ ಗಡಿಯಾರವೂ ಫ್ಯಾಕ್ಟರಿಯದೇ, ನಿವೃತ್ತಿಯ ದಿನ ಕೊಟ್ಟದ್ದು. ಹೊಸ ಮ್ಯಾನೇಜರು, ಮೀಸೆ ಸರಿಯಾಗಿ ಮೂಡದ ಹುಡುಗ, ಕಾಗದ ನೋಡಿಕೊಂಡು ಓದಿದ್ದ: ಇಪ್ಪತ್ತೇಳು ವರ್ಷದಲ್ಲಿ ಒಂದು ಲಾಟೂ ಕೆಡಿಸದ ಕೈ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾಸ್ಟರು ಯಾರೆಂದು ತಿರುಗಿ ನೋಡಲಿಲ್ಲ, ಕುಳ್ಳಿಯ ಕೆಮ್ಮು ಅವರಿಗೆ ಗೊತ್ತಿತ್ತು. ಮನೆಗೆ ಬಂದು ಗಡಿಯಾರ ನೇತುಹಾಕುವಾಗ ಆ ಮಾತನ್ನು ಮಗಳಿಗೆ ಹೇಳಿದ್ದು ಯಾಕೆ? ಹೇಳದಿದ್ದರೆ ಯಾರು ಕೇಳುತ್ತಿದ್ದರು? ಮಗಳಿಗೆ ಆ ಮಾತು ಹಿಡಿಸಿಬಿಟ್ಟಿತು. ಕಸುಬು ಶುರು ಮಾಡಿದಾಗ ಕಾರ್ಡು ಅಚ್ಚು ಹಾಕಿಸಿದಳು, ಒಂದು ಕಡೆ ಕತ್ತರಿ ಹಿಡಿದ ಅಪ್ಪನ ಕೈಯ ಫೋಟೊ, ಹೆಬ್ಬೆರಳಿನ ಅರ್ಧ ಉಗುರು ಇಲ್ಲದ್ದು ಕೂಡ ಕಾಣುವ ಹಾಗೆ. ಕೆಳಗೆ, ‘ಇಪ್ಪತ್ತೇಳು ವರ್ಷದಲ್ಲಿ ಒಂದೂ ತಪ್ಪದ ಕತ್ತರಿ.’ ಪ್ರತಿ ಉಡುಗೊರೆಯ ಜೊತೆ ಒಂದು ಕಾರ್ಡು. ಮಗಳು ಯಾರ ಜೊತೆ ಮಾತಾಡಿದರೂ ಕೊನೆಗೆ ಅಲ್ಲಿಗೇ ಬರುತ್ತಾಳೆ, ನಮ್ಮಪ್ಪ ಇದ್ದಾರಲ್ಲ, ಎನ್ನುತ್ತಾಳೆ. ಆಗ ಅವಳ ಮುಖ ಎಂಟು ವರ್ಷದ ಹುಡುಗಿಯದಾಗುತ್ತದೆ. ಆ ಮುಖವನ್ನು ಕಳೆದುಕೊಳ್ಳಲು ಮಾಸ್ಟರು ತಯಾರಿಲ್ಲ. ಬೇರೆ ಏನು ಬೇಕಾದರೂ ಹೋಗಲಿ.

ಅದಕ್ಕೇ ಅಲ್ಲವೇ ಚೌಕ ತಿರುಗಿಸಿದ್ದು. ಕೋಟಿನ ಎರಡು ಮುಂಭಾಗದಿಂದ ಒಂದೊಂದು ಚೌಕ ಕತ್ತರಿಸಿ, ಒಂದನ್ನು ತಲೆಕೆಳಗು ಮಾಡಿ ಪಕ್ಕಕ್ಕಿಟ್ಟರೆ ರೋಮ ಸರಿಹೋಯಿತು, ಬಣ್ಣ ಒಂದಾಯಿತು. ಯಾವ ಕಸುಬುದಾರನಾದರೂ ಅದನ್ನೇ ಮಾಡುತ್ತಿದ್ದ. ಮಾಸ್ಟರು ತಮಗೆ ತಾವೇ ಹೇಳಿಕೊಂಡದ್ದೂ ಅಷ್ಟೇ: ಗಿರಾಕಿಗೆ ಚೆಂದ ಕಾಣಬೇಕು. ಆದರೆ ಉಳಿದ ಕೋಟನ್ನು ಅವರು ಸಣ್ಣ ಸಣ್ಣ ಚೂರು ಮಾಡಿ ಗೊಂಬೆಗಳ ಹೊಟ್ಟೆಗೆ ತುಂಬಿದ್ದರು. ಏಳರ ಅಂಕಿ ಇದ್ದ ಅಂಚನ್ನು ಮಾತ್ರ ಗೊಂಬೆಗೂ ತುಂಬದೆ, ಒಲೆ ಹಚ್ಚಿ ಸುಟ್ಟಿದ್ದರು. ಗಿರಾಕಿಯ ಚೆಂದಕ್ಕೆ ಯಾರೂ ಬಟ್ಟೆಯ ಅಂಚು ಸುಡುವುದಿಲ್ಲ. ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಎಂದು ಮಗಳು ಎರಡು ದಿನ ಹುಡುಕಿದ್ದಳು.

ಹಿತ್ತಲ ಬಾಗಿಲಿನಿಂದ ಹೋಗಿಬಿಡಬಹುದು. ಬಚ್ಚಲಿಗೆ ಹೋಗಿ ಚಿಲಕ ಹಾಕಿ ಕೂತುಬಿಡಬಹುದು, ಹೊಟ್ಟೆ ಕೆಟ್ಟಿದೆ ಎಂದರೆ ಯಾರೂ ಬಾ ಎನ್ನುವುದಿಲ್ಲ. ಮಾಸ್ಟರು ಬಚ್ಚಲಿಗೆ ಹೋಗಿ ಚಿಲಕವನ್ನೂ ಹಾಕಿದರು. ಕನ್ನಡಿಯಲ್ಲಿ ಅರವತ್ತಮೂರರ ಮುದುಕನೊಬ್ಬ ಬಾಯಿ ತೆರೆದುಕೊಂಡು ಇವರನ್ನು ನೋಡುತ್ತಿದ್ದ. ಸಿಳ್ಳೆಯನ್ನು ಕೆಲಸದಿಂದ ತೆಗೆದ ದಿನ ಅವಳು ಹೀಗೇ ನೋಡಿದ್ದಳಲ್ಲವೇ? ಇಲ್ಲ, ಹೀಗಲ್ಲ. ಮ್ಯಾನೇಜರ ಕೋಣೆಯಿಂದ ಹೊರಗೆ ಬಂದು, ಏಪ್ರನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಕೆಟ್ಟ ರಾಶಿಯಿಂದ ಮ್ಯಾನೇಜರು ಕೈಗೆ ತುರುಕಿದ ಒಂದು ಕೋಟನ್ನು ಕಂಕುಳಲ್ಲಿಟ್ಟುಕೊಂಡು, ಕಟಿಂಗ್ ಮೇಜಿನ ಪಕ್ಕದಲ್ಲೇ ನಡೆದು ಹೋಗಿದ್ದಳು. ಮಾಸ್ಟರು ಕತ್ತರಿಸುವ ಗೆರೆ ಬರೆಯುವ ಮಾರ್ಕರ್ ಕಾಗದದ ಮೇಲೆ ಬಗ್ಗಿ ಗೆರೆ ಎಳೆಯುತ್ತಿದ್ದರು, ಎಳೆದ ಗೆರೆಯನ್ನೇ ಮತ್ತೆ ಎಳೆಯುತ್ತಿದ್ದರು. ಅವಳು ನಿಂತದ್ದು ಗೊತ್ತಾಯಿತು. ಒಂದು ಮಾತಾಡಿದ್ದರೆ, ಬೈದಿದ್ದರೆ, ಅತ್ತಿದ್ದರೆ! ನಿಂತಳು, ಹೋದಳು. ಎಲ್ಲ ಗೊತ್ತಿದ್ದ ಕುಳ್ಳಿ ಬಾಯಿ ಬಿಡದೆ ಕೆಲಸ ಉಳಿಸಿಕೊಂಡಳು. ತಮಗೂ ಮನೆಯಿತ್ತು, ಮಗಳಿದ್ದಳು, ತಾಯಿಯಿಲ್ಲದ ಮಗು, ಕೆಲಸ ಹೋಗಿದ್ದರೆ ಅದನ್ನು ಯಾರ ಮಡಿಲಿಗೆ ಹಾಕಬೇಕಿತ್ತು ಎಂದು ಮಾಸ್ಟರು ಕನ್ನಡಿಯ ಮುದುಕನಿಗೆ ಹೇಳಿದರು. ಮುದುಕ ಒಪ್ಪಲಿಲ್ಲ. ಅವಳಿಗೆ ಯಾರಿದ್ದರು ಎಂದು ನೀನು ವಿಚಾರಿಸಿದ್ದೆಯಾ, ಎನ್ನುವ ಹಾಗೆ ನೋಡಿದ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಬಾಗಿಲ ಗಂಟೆ. ಮಗಳ ದನಿ, ಬನ್ನಿ ಬನ್ನಿ, ಮೂಟೆ ನೋಡ್ಕೊಂಡು ದಾಟಿ, ಎಡವೀರಿ. ಆಮೇಲೆ ಬಚ್ಚಲ ಬಾಗಿಲಿನ ಮೇಲೆ ಬಡಿತ. “ಅಪ್ಪ, ಬಂದಿದ್ದಾರೆ. ಬೇಗ ಬಾ.”

ಮಾಸ್ಟರು ಮುಖಕ್ಕೆ ನೀರು ಹಾಕಿಕೊಂಡು ಬಂದರು. ಮೇಜಿನ ಪಕ್ಕದ ಕುರ್ಚಿಯಲ್ಲಿ ಅವಳು ಕೂತಿದ್ದಳು, ಬೆರಳಿಗೆ ವ್ಯಾನಿನ ಕೀಲಿ ಸಿಕ್ಕಿಸಿಕೊಂಡು. ಕೂದಲು ಅರ್ಧ ಬಿಳಿ, ಕುತ್ತಿಗೆಯ ಬಳಿ ಕತ್ತರಿಸಿದ್ದು. ಮೈ ಕೊಂಚ ತುಂಬಿದೆ. ಕೈ ಮಾತ್ರ ಅದೇ, ಉದ್ದ ಕೈ. ಅವಳು ಎದ್ದು ನಿಲ್ಲಲಿಲ್ಲ. “ಚೆನ್ನಾಗಿದ್ದೀರಾ?” ಎಂದಳು, ಹೊಸಬರನ್ನು ಕೇಳುವ ಹಾಗೆ. ಮಾಸ್ಟರು ತಲೆಯಾಡಿಸಿದರು. ಗುರುತು ಹಿಡಿದಿಲ್ಲವೇನೋ, ಎಂದು ಒಂದು ಕ್ಷಣ ಎದೆ ಹಗುರವಾಯಿತು, ಆ ಹಗುರಕ್ಕೇ ನಾಚಿಕೆಯಾಯಿತು.

“ಯಾರಿಗೆ ಉಡುಗೊರೆ?” ಎಂದಳು ಮಗಳು, ಹೊದಿಕೆಯ ಮಡಿಕೆ ಬಿಡಿಸುತ್ತ.

“ನನ್ನ ಗೆಳತಿಗೆ. ಫ್ಯಾಕ್ಟರಿಯಲ್ಲಿದ್ದಾಳೆ, ಈ ತಿಂಗಳು ರಿಟೈರ್ ಆಗ್ತಾಳೆ. ಕುಳ್ಳಿ ಅಂತೀವಿ. ಹಿಂದೆ ಒಟ್ಟಿಗೆ ಕೆಲಸ ಮಾಡ್ತಿದ್ವಿ, ಒಂದೇ ಮೇಜು, ಅವಳು ಆ ತುದಿ, ನಾನು ಈ ತುದಿ. ಆಮೇಲೆ ಎಷ್ಟೋ ವರ್ಷ ಮುಖ ನೋಡಿರಲಿಲ್ಲ. ಹೋದ ವರ್ಷ ತಾನಾಗೇ ಮನೆ ಹುಡುಕ್ಕೊಂಡು ಬಂದ್ಲು. ಬಂದು ಕೂತು, ಆಡಬೇಕಾಗಿದ್ದ ಮಾತು ಒಂದಿತ್ತು, ಆಡಿದ್ಲು. ಆಮೇಲೆ ಇಬ್ರೂ ಚಹಾ ಕುಡಿದ್ವಿ.”

ಅವಳು ಇದನ್ನು ಮಗಳಿಗೆ ಹೇಳುತ್ತಿದ್ದಳು. ಮಾಸ್ಟರ ಕಡೆ ನೋಡಲಿಲ್ಲ.

ಹೊದಿಕೆ ಪೂರ್ತಿ ಬಿಚ್ಚಿ ಹರಡಿತು. ಶರಟು, ಪರದೆ, ಪೈಜಾಮ, ಮಫ್ಲರಿನ ಅಂಚು, ನಡುವೆ ವೆಲ್ವೆಟ್. ಅವಳು ಕೀಲಿಯನ್ನು ಪಕ್ಕಕ್ಕಿಟ್ಟು ಅಂಗೈಯನ್ನು ಚೌಕಗಳ ಮೇಲಿಟ್ಟಳು. ಒಂದು ಸಲ ಮೇಲಿನಿಂದ ಕೆಳಗೆ. ಮತ್ತೆ ಕೆಳಗಿನಿಂದ ಮೇಲೆ. ಅಂಗೈ ಅಲ್ಲೇ ನಿಂತಿತು.

“ಇದು ಎರಡು ಬಣ್ಣ ಇತ್ತಲ್ಲ,” ಎಂದಳು.

“ಗೊತ್ತಾಯ್ತಾ ನಿಮಗೆ?” ಮಗಳ ಮುಖ ಅರಳಿತು. ಎಂಟು ವರ್ಷದ ಆ ಮುಖ. “ನಮ್ಮಪ್ಪ ಇದ್ದಾರಲ್ಲ, ಅವರು ಸರಿ ಮಾಡಿದ್ರು. ರೋಮ ಉಲ್ಟಾ ಇತ್ತಂತೆ. ಯಾರೋ ಹಾಸಿದವರ ತಪ್ಪಂತೆ. ಗೊತ್ತಿಲ್ಲದವರನ್ನ ಕೆಲಸಕ್ಕೆ ಇಟ್ಕೊಂಡ್ರೆ ಇನ್ನೇನಾಗುತ್ತೆ ಹೇಳಿ, ಇಡೀ ಕೋಟು ದಂಡ.”

ಹೆಂಗಸು ಈಗ ತಲೆಯೆತ್ತಿ ಮಾಸ್ಟರನ್ನು ನೋಡಿದಳು. ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ; ಇಪ್ಪತ್ತೆರಡು ವರ್ಷದ ಹಿಂದೆ ಬಗ್ಗಿದ ತಲೆಗೆ ಕಾಣಿಸದೆ ಹೋದ ನೋಟ ಇದೇ ಇರಬೇಕು ಎಂದು ಅವರಿಗೆ ಅನ್ನಿಸಿತು. ಇವತ್ತು ಬಗ್ಗಿ ಗೆರೆ ಎಳೆಯಲು ಮುಂದೆ ಕಾಗದವಿರಲಿಲ್ಲ. ಸುಮ್ಮನಿದ್ದರೂ ನಡೆಯುತ್ತದೆ, ಎಂದು ಒಳಗೆ ಒಂದು ದನಿ ಹೇಳಿತು, ಅವಳು ಅವತ್ತೂ ಆಡಲಿಲ್ಲ, ಇವತ್ತೂ ಆಡುವುದಿಲ್ಲ, ಹೊದಿಕೆ ಎತ್ತಿಕೊಂಡು ಹೋಗುತ್ತಾಳೆ, ಐದು ನಿಮಿಷ ತಡೆದುಕೋ. ಮಗಳು ಆಗಲೇ ರಿಬ್ಬನ್ನಿಗೆ ಕೈ ಹಾಕಿದ್ದಳು. ಮಾಸ್ಟರಿಗೆ ತಮ್ಮ ದನಿಯೇ ಬೇರೆಯವರದಾಗಿ ಕೇಳಿಸಿತು.

“ಹಾಸಿದವರ ತಪ್ಪಲ್ಲ ಅದು.”

“ಮತ್ತೆ? ನೀನೇ ಅಂದ್ಯಲ್ಲಪ್ಪ.”

“ಅಂದೆ. ಸುಳ್ಳು ಅಂದೆ. ಮಡಚಿಕೊಂಡು ಬನ್ನಿ ಅಂತ ಹೇಳಿದವನು ನಾನು. ಇವರು ಬೇಡ ಅಂದ್ರು. ನಾನೇ ಗದರಿಸಿದೆ. ಲಾಟೆಲ್ಲ ಕೆಟ್ಟಾಗ ಇವರ ಮೇಲೆ ಹಾಕಿದೆ. ಅವತ್ತೇ ಮಧ್ಯಾಹ್ನ ಇವರನ್ನ ಮನೆಗೆ ಕಳಿಸಿದ್ರು.”

ಮಗಳು ರಿಬ್ಬನ್ನು ಹಿಡಿದುಕೊಂಡೇ ನಿಂತಿದ್ದಳು. ಅಪ್ಪನನ್ನು ನೋಡಿದಳು, ಆ ಹೆಂಗಸನ್ನು ನೋಡಿದಳು, ಯಾಕೋ ಗೋಡೆಯ ಗಡಿಯಾರವನ್ನೂ ನೋಡಿದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ಇಳಿದುಹೋಯಿತು. ಇದಕ್ಕೇ ಮಾಸ್ಟರು ಹತ್ತು ದಿನದಿಂದ ಹೆದರಿದ್ದು. ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು.

“ನಿಮ್ಮ ಕಾರ್ಡು ನಮ್ಮ ಸ್ಕೂಲಿನ ಟೀಚರಿಗೆ ಬಂದ ಉಡುಗೊರೆಯಲ್ಲಿತ್ತು,” ಎಂದಳು ಹೆಂಗಸು, ಯಾರಿಗೆಂದಿಲ್ಲದೆ. “ಕೈ ಫೋಟೊ ನೋಡಿದೆ. ಆ ಉಗುರು ನೋಡಿದೆ. ಕೆಳಗೆ ಬರೆದಿದ್ದನ್ನೂ ಓದಿದೆ. ಮೂರು ದಿನ ನಂಗೆ ಅನ್ನ ಸೇರಲಿಲ್ಲ. ಆಮೇಲೆ ಟ್ರಂಕಿನಿಂದ ಕೋಟು ತೆಗೆದು ಚೀಲದ ತಳಕ್ಕೆ ಹಾಕ್ದೆ. ಮಾಸ್ಟರು ಏನು ಮಾಡ್ತಾರೆ ನೋಡೋಣ ಅಂತ.” ಅವಳು ಚೌಕವನ್ನು ಬೆರಳಿನಿಂದ ತಟ್ಟಿದಳು. “ಇದನ್ನ ಮಾಡಿದ್ರಿ.”

ಕ್ಷಮಿಸು ಅನ್ನಬೇಕೆಂದು ಮಾಸ್ಟರು ಬಾಯಿ ತೆರೆದರು. ಅವಳು ಕೈ ಅಡ್ಡ ಹಿಡಿದಳು.

“ಅದೆಲ್ಲ ಬೇಡ. ಬಿಚ್ಚಿ. ಇದ್ದ ಹಾಗೆ ಹೊಲಿದುಕೊಡಿ. ನಾನು ಕಾಯ್ತೀನಿ.”

ಮಾಸ್ಟರು ಕೂತರು. ಸಣ್ಣ ಕತ್ತರಿಯ ಮೊನೆಯಿಂದ ಚೌಕದ ಸುತ್ತಲ ಹೊಲಿಗೆಯನ್ನು ಒಂದೊಂದೇ ಎಬ್ಬಿಸತೊಡಗಿದರು. ಮಗಳ ಹೊಲಿಗೆ ಹತ್ತಿರ ಹತ್ತಿರ, ಗಟ್ಟಿ. ಅವಳಿಗೆ ಹಾಗೆ ಕಲಿಸಿದವರು ತಾವೇ. ಇಬ್ಬರು ಹೆಂಗಸರು ತಮ್ಮ ಕೈಯನ್ನೇ ನೋಡುತ್ತಿದ್ದಾರೆ ಎಂದು ಅವರಿಗೆ ಗೊತ್ತಿತ್ತು, ಎರಡು ಸಲ ಮೊನೆ ಬೆರಳಿಗೆ ಚುಚ್ಚಿತು, ಯಾರೂ ಅಯ್ಯೋ ಅನ್ನಲಿಲ್ಲ. ಬಿಡಿಸಿದ ಚೌಕವನ್ನು ತಲೆಕೆಳಗು ಮಾಡಿ ಇಟ್ಟಾಗ ಅದು ಕೂಡಲೇ ಮಾಸಲಾಯಿತು, ಪಕ್ಕದ್ದು ಇನ್ನೂ ಗಾಢವಾಗಿ ಕಂಡಿತು. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಣ್ಣಿಗೆ ನೀರು ಅಡ್ಡ ಬಂದಿತ್ತು. ಮಗಳು ಸೂಜಿ ಕಸಿದುಕೊಂಡು ಪೋಣಿಸಿ ಮತ್ತೆ ಮೇಜಿನ ಮೇಲಿಟ್ಟಳು. ಕೈಗೆ ಕೊಡಲಿಲ್ಲ.

ಮಾಸ್ಟರು ಕೈಯಲ್ಲೇ ಹೊಲಿದರು. ನಾಲ್ಕೂ ಕಡೆ ಮುಗಿದ ಮೇಲೆ ಗಂಟು ಹಾಕಿ, ದಾರ ಎಳೆದು ಹಿಡಿದುಕೊಂಡು ಕೂತರು. ಹೆಂಗಸು ಅಂಗೈ ಚಾಚಿ ಒಂದು ಚೌಕ ಸವರಿದಳು, ರೋಮ ಮಲಗಿತು. ಇನ್ನೊಂದು ಸವರಿದಳು, ರೋಮ ಎದುರು ನಿಂತಿತು. ಸರಿಯಾಗಿದೆಯಾ ಎಂದು ಕೇಳುವ ಧೈರ್ಯ ಮಾಸ್ಟರಿಗಿರಲಿಲ್ಲ. ಅವಳು ತುಟಿ ಒದ್ದೆ ಮಾಡಿಕೊಂಡು, ಕೋಣೆಗೆ ಸಾಲುವಷ್ಟು ಮೆಲ್ಲಗೆ, ಎರಡು ಚಿಕ್ಕ ಸಿಳ್ಳೆ ಹೊಡೆದಳು.

ಮಾಸ್ಟರು ದಾರ ಕತ್ತರಿಸಿದರು.

ಮಗಳು ಹೊದಿಕೆ ಮಡಚಿ, ರಿಬ್ಬನ್ನು ಕಟ್ಟಿ, ಅಭ್ಯಾಸದಂತೆ ಕಾರ್ಡಿನ ಪೆಟ್ಟಿಗೆಗೆ ಕೈ ಹಾಕಿ ತಡೆದು ನಿಂತಳು.

“ಕೊಡಮ್ಮ ಒಂದು,” ಎಂದಳು ಹೆಂಗಸು, ಕೀಲಿ ಎತ್ತಿಕೊಳ್ಳುತ್ತ. “ಕುಳ್ಳಿಗೆ ತೋರಿಸ್ತೀನಿ. ಮಾಸ್ಟರು ಬಾಯಿ ಬಿಟ್ರು ಅಂದ್ರೆ ಅವಳು ನಂಬಬೇಕಲ್ಲ.”

ಮಗಳು ಕಾರ್ಡು ತೆಗೆದಳು. ಅಳತೆ ಬರೆಯುವ ಪೆನ್ನು ತೆಗೆದುಕೊಂಡು ಫೋಟೊದ ಕೆಳಗಿನ ಸಾಲಿನ ಮೇಲೆ ಉದ್ದಕ್ಕೂ ಗೆರೆ ಎಳೆದಳು, ಒಂದು ಸಲ, ಅಕ್ಷರ ಕಾಣದ ಹಾಗೆ ಇನ್ನೊಂದು ಸಲ. ಅದನ್ನು ರಿಬ್ಬನ್ನಿನಡಿ ಸಿಕ್ಕಿಸಿ ಕೊಟ್ಟು, ಹೆಂಗಸನ್ನು ವ್ಯಾನಿನವರೆಗೂ ಕಳಿಸಿಬಂದಳು. ಅಲ್ಲಿ ಇಬ್ಬರೂ ಏನು ಮಾತಾಡಿದರೋ, ಬಹಳ ಹೊತ್ತು ಮಾತಾಡಿದರು. ಮಾಸ್ಟರು ಎದ್ದು ಕಿಟಕಿಗೆ ಹೋಗಲಿಲ್ಲ.

ಮಗಳು ಒಳಗೆ ಬಂದು ಬಾಗಿಲು ಹಾಕಿದಳು. ಕಾರ್ಡಿನ ಪೆಟ್ಟಿಗೆಯನ್ನು ಎತ್ತಿ ತಂದು ಅಪ್ಪನ ಮುಂದಿಟ್ಟು, ಪಕ್ಕಕ್ಕೆ ಪೆನ್ನು ಇಟ್ಟಳು. ಪೆಟ್ಟಿಗೆ ಮುಕ್ಕಾಲು ತುಂಬಿತ್ತು.

“ಉಳಿದದ್ದಕ್ಕೆ ಗೆರೆ ನೀನೇ ಹೊಡಿ,” ಎಂದಳು. ಯಂತ್ರದ ಮುಂದೆ ಕೂತು ಬಾಗಿಲ ಬಳಿಯ ಮೂಟೆಯಿಂದ ಆ ಮಗುವಿನ ಫ್ರಾಕನ್ನು ಎಳೆದುಕೊಂಡಳು, ಅದರ ಹೊಲಿಗೆ ಬಿಚ್ಚತೊಡಗಿದಳು.

ಮಾಸ್ಟರು ಕನ್ನಡಕ ಹಾಕಿಕೊಂಡು ಮೊದಲ ಕಾರ್ಡು ತೆಗೆದುಕೊಂಡರು.